ಅಕ್ಕ ದಿನಾ ಒತ್ತಿದ ಜಾಹೀರಾತು

ಬಸ್ ನಿಲ್ದಾಣ ಆಚೆ ರಸ್ತೆಗೆ ಹೋದ ಮೇಲೆ ಹೊಲಿಗೆ ಮಷೀನ್ ರಿಪೇರಿಯವರ ಅಂಗಡಿ ಮುಂದೆ ಓಡಾಟವೇ ನಿಂತುಹೋಯಿತು. ಮೊದಲೆಲ್ಲ ಬಸ್ಸಿಗೆ ಕಾಯುವವರು ಬೋರ್ಡ್ ಓದುತ್ತಿದ್ದರು. ಮನೆಯಲ್ಲಿ ಕೆಟ್ಟು ಕೂತ ಮಷೀನ್ ನೆನಪಾಗಿ ಒಳಗೆ ಇಣುಕುತ್ತಿದ್ದರು. ಈಗ ರಿಪೇರಿಯವರು ಒರೆಸಿದ ಸ್ಕ್ರೂಡ್ರೈವರನ್ನೇ ಮತ್ತೆ ಒರೆಸಿಡುತ್ತಿದ್ದರು. ತಿಂಗಳ ಕೊನೆಗೆ ಬೀಗದ ಕೈಯನ್ನು ಕಟ್ಟಡದ ಮಾಲೀಕರಿಗೆ ಒಪ್ಪಿಸಿಬಿಡುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು.

ಪಕ್ಕದ ಮಳಿಗೆಯ ಟೈಲರಮ್ಮ ಅದನ್ನು ಕೇಳಿ ಸುಮ್ಮನಿರಲಿಲ್ಲ. ರಿಪೇರಿಯವರ ಹೆಂಡತಿಯ ಜೊತೆ ಕೂತು ಅಂಗಡಿಗೆ ಒಂದು ಸಣ್ಣ ವೆಬ್‌ಸೈಟ್ ಮಾಡಿಕೊಟ್ಟರು. ಅದರಲ್ಲಿ ಅವರ ಫೋಟೊ, ಫೋನ್ ನಂಬರು, ಯಾವ ಯಾವ ಮಷೀನ್ ಸರಿಮಾಡುತ್ತಾರೆ ಎಂಬ ವಿವರ. ಆಮೇಲೆ ಮೆಲ್ಲಗೆ ಜಾಹೀರಾತಿನ ಮಾತೆತ್ತಿದರು.

"ಅಣ್ಣಾ, ಜನ ಈಗ ಬೋರ್ಡ್ ಓದಲ್ಲ, ಫೋನಲ್ಲಿ ಹುಡುಕ್ತಾರೆ. ಹುಡುಕಿದಾಗ ನಿಮ್ಮ ಅಂಗಡಿ ಎಲ್ಲಕ್ಕಿಂತ ಮೇಲೆ ಕಾಣೋ ಹಾಗೆ ಜಾಹೀರಾತು ಹಾಕೋಣ. ಕಂಡಿದ್ದಕ್ಕೆ ದುಡ್ಡಿಲ್ಲ. ಅದರ ಮೇಲೆ ಬೆರಳೊತ್ತಿ ವೆಬ್‌ಸೈಟಿಗೆ ಬಂದ್ರೆ ಮಾತ್ರ ದುಡ್ಡು."

"ಇಣುಕಿದವರಿಗೆಲ್ಲ ನಾನು ದುಡ್ಡು ತೆರಬೇಕಾ? ಚೆನ್ನಾಗಿದೆ ಕಣಮ್ಮ ವ್ಯಾಪಾರ!"

"ದಿನಕ್ಕೆ ಇಷ್ಟೇ ಅಂತ ನೀವೇ ಮಿತಿ ಇಡಬಹುದು. ಅಷ್ಟು ಮುಗಿದ್ರೆ ಅವತ್ತಿಗೆ ಜಾಹೀರಾತು ನಿಲ್ಲುತ್ತೆ. ಚಿಕ್ಕದಾಗಿಯೇ ಇಡಿ."

"ಒಂದು ವಾರ ನೋಡಿಬಿಡಿ," ಎಂದರು ಹೆಂಡತಿ. "ನಿಮ್ಮ ಗೊಣಗಾಟ ಕೇಳೋದಕ್ಕಿಂತ ಅದೇ ಅಗ್ಗ."

ವಾರ ಕಳೆಯಿತು. ಪ್ರತಿದಿನವೂ ಅಂಗಡಿಯ ಬಾಗಿಲು ತೆರೆಯುವಷ್ಟರಲ್ಲಿ ಅವತ್ತಿನ ದುಡ್ಡೆಲ್ಲ ಖರ್ಚಾಗಿರುತ್ತಿತ್ತು. ಫೋನ್ ಮಾತ್ರ ಒಮ್ಮೆಯೂ ರಿಂಗಾಗಲಿಲ್ಲ.

"ನಾನು ಹೇಳಲಿಲ್ವಾ?" ಎಂದರು ರಿಪೇರಿಯವರು. ತಮ್ಮ ಮಾತು ನಿಜವಾದದ್ದಕ್ಕೆ ಅವರಿಗೆ ಸಂತೋಷವೇನೂ ಆಗಲಿಲ್ಲ.

ಟೈಲರಮ್ಮ ಕನ್ನಡಕ ಏರಿಸಿ ಜಾಹೀರಾತಿನ ಲೆಕ್ಕ ತೆಗೆದು ನೋಡಿದರು. "ಇದೇನಿದು? ಬಂದವರೆಲ್ಲ ನಿಮ್ಮ ಅಂಗಡಿ ಹೆಸರು ಬರೆದೇ ಹುಡುಕಿದ್ದಾರೆ! ಬೆಳಗಾಗೆದ್ದು ನಿಮ್ಮನ್ನ ಇಷ್ಟೊಂದು ನೆನೆಯೋರು ಯಾರಣ್ಣ?"

ಅಷ್ಟರಲ್ಲಿ ರಿಪೇರಿಯವರ ಅಕ್ಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ಇವತ್ತೂ ಎಲ್ಲರಿಗಿಂತ ಮೇಲೆ ನೀನೇ ಇದ್ದೆ ಕಣೋ! ಎದ್ದ ಕೂಡಲೇ ಒತ್ತಿ ನೋಡಿದೆ. ಫೋಟೊದಲ್ಲಿ ಒಂಚೂರು ನಗಬಾರದಿತ್ತಾ? ನಮ್ಮ ವಾಕಿಂಗ್ ಗುಂಪಿನವರಿಗೂ ಹೇಳಿದೀನಿ, ದಿನಾ ಒತ್ರೇ, ನನ್ನ ತಮ್ಮ ಉದ್ಧಾರ ಆಗ್ಲಿ ಅಂತ."

ಹೆಂಡತಿ ಕೆಮ್ಮಿದರು. "ನಾನೂ ಒಂದೆರಡು ಸಲ..."

"ಜಾಹೀರಾತು ಬಂತೋ ಇಲ್ಲವೋ ಅಂತ ನಾನೂ ಒತ್ತಿ ನೋಡ್ತಿದ್ದೆ," ಎಂದರು ರಿಪೇರಿಯವರು, ನೆಲ ನೋಡುತ್ತ.

ಟೈಲರಮ್ಮನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಎಲ್ಲರೂ ಸೇರಿ ದಿನದ ದುಡ್ಡನ್ನ ಬೆಳಗ್ಗೇನೇ ಖಾಲಿ ಮಾಡಿದ್ರೆ, ನಿಜವಾದ ಗಿರಾಕಿ ಹುಡುಕೋ ಹೊತ್ತಿಗೆ ಜಾಹೀರಾತು ಎಲ್ಲಿರುತ್ತೆ?"

ಅಕ್ಕನ ಮುಖ ಸಪ್ಪಗಾಯಿತು. "ಅಯ್ಯೋ, ನಿನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿದ್ನೇನೋ?"

ರಿಪೇರಿಯವರು ತಾವು ಕೂತಿದ್ದ ಸ್ಟೂಲನ್ನೇ ಎತ್ತಿ ಅಕ್ಕನ ಬಳಿ ಇಟ್ಟರು. "ಕೂತ್ಕೋ ಅಕ್ಕಾ. ಇಡೀ ವಾರ ನನ್ನನ್ನ ಹುಡುಕ್ಕೊಂಡು ಬಂದವಳು ನೀನೊಬ್ಬಳೇ."

"ನಿಮ್ಮ ಹೆಸರು ಗೊತ್ತಿರೋರಿಗೆ ಜಾಹೀರಾತು ಯಾಕಣ್ಣ?" ಎಂದರು ಟೈಲರಮ್ಮ. "ಗೊತ್ತಿಲ್ಲದವರು ಏನಂತ ಹುಡುಕ್ತಾರೆ ಹೇಳಿ."

"ಹೊಲಿಗೆ ಯಂತ್ರ ದುರಸ್ತಿ ತಜ್ಞರು," ಎಂದರು ಅವರು ಗಂಭೀರವಾಗಿ.

"ತಜ್ಞನಂತೆ!" ಎಂದರು ಅಕ್ಕ. "ನನ್ನ ಮಷೀನ್ ಕೆಟ್ಟಾಗ ನಿಂಗೆ ಏನಂತ ಫೋನ್ ಮಾಡ್ತೀನಿ?"

"ದಾರ ಕಡೀತಾ ಇದೆ ಕಣೋ, ಅಂತೀಯ."

"ಮತ್ತೆ? ಅದನ್ನೇ ಹಾಕು!"

ಟೈಲರಮ್ಮ ಹುಡುಕುವ ಮಾತುಗಳಿಂದ ಅಂಗಡಿಯ ಹೆಸರು ತೆಗೆದು ಅದನ್ನೇ ಹಾಕಿದರು. ದಾರ ಕಡಿಯುವುದು, ಸೂಜಿ ಮುರಿಯುವುದು, ಹತ್ತಿರದಲ್ಲಿ ಮಷೀನ್ ರಿಪೇರಿ, ಹೀಗೆ ಅಕ್ಕ ಹೇಳುತ್ತ ಹೋದ ಮಾತುಗಳನ್ನೆಲ್ಲ ಸೇರಿಸಿದರು. ಜಾಹೀರಾತು ತಮ್ಮ ಊರಿನವರಿಗಷ್ಟೇ ಕಾಣುವಂತೆ ಮಾಡಿದರು. ಹೊಸ ಮಷೀನಿನ ಬೆಲೆ ಹುಡುಕುವವರಿಗೆ ಕಾಣದಂತೆ ತಡೆದರು.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಫೋನ್ ಬಂತು, ಅಳುಕುತ್ತಿದ್ದ ಒಂದು ಹೆಣ್ಣುದನಿ. "ದಾರ ಕಡೀತಾನೇ ಇದೆ. ನಮ್ಮಮ್ಮನ ಮಷೀನು, ತುಂಬ ಹಳೇದು. ನೋಡಿ ನಗಬೇಡಿ."

"ಹಳೇದಾದ್ರೆ ಇನ್ನೂ ಒಳ್ಳೇದು, ತನ್ನಿ," ಎಂದರು ರಿಪೇರಿಯವರು.

ಹಳೆಯ ಬೆಡ್‌ಶೀಟಿನಲ್ಲಿ ಮಗುವಿನ ಹಾಗೆ ಸುತ್ತಿಕೊಂಡು ಆ ಮಷೀನ್ ಬಂತು. ಸರಿಹೋಗಿ ವಾಪಸ್ಸೂ ಹೋಯಿತು. ಅದರ ಹಿಂದೆ ಇನ್ನೊಂದು ಬಂತು, ಮತ್ತೊಂದು ಬಂತು. ಅಕ್ಕ ಈಗ ಅಂಗಡಿಗೆ ಬಂದರೆ ಬೆರಳು ತಪ್ಪಿ ಎಲ್ಲಿ ಒತ್ತಿಬಿಡುತ್ತೇನೋ ಎಂದು ಫೋನನ್ನು ಚೀಲದ ತಳಕ್ಕೆ ತುರುಕಿ ಕೂರುತ್ತಾರೆ.

ತಿಂಗಳ ಕೊನೆಯ ದಿನ ಹೆಂಡತಿ ಬೀಗದ ಕೈ ಹಿಡಿದು ನಿಂತರು. "ಮಾಲೀಕರಿಗೆ ಕೊಟ್ಟು ಬರ್ಲಾ?"

ರಿಪೇರಿಯವರ ತುಟಿಗಳ ನಡುವೆ ಎರಡು ಸ್ಕ್ರೂ ಇದ್ದವು. ಮಾತಾಡಲಾಗದೆ, ತಲೆಯನ್ನೂ ಎತ್ತದೆ, ದಿನಾ ಬೀಗದ ಕೈ ತೂಗುಹಾಕುವ ಗೋಡೆಯ ಮೊಳೆಯತ್ತ ಕೈ ತೋರಿಸಿದರು.

ಸಣ್ಣ ಅಂಗಡಿ, ಸಣ್ಣ ಕಸುಬು ನಂಬಿಕೊಂಡ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮನ್ನು ಹುಡುಕುವವರು ಇದ್ದಾರೆ. ಅವರ ಕಣ್ಣಿಗೆ ಬೀಳಿ. ಕೈಗೆ ನಿಲುಕುವ ಮಿತಿ ಇಟ್ಟು ಶುರುಮಾಡಿ. ಗಿರಾಕಿಗಳ ಬಾಯಲ್ಲಿ ಬರುವ ಮಾತನ್ನೇ ಜಾಹೀರಾತಿಗೆ ಆರಿಸಿ. ಯಾವ ಮಾತಿನಿಂದ ಯಾರು ಬಂದರು ಎಂದು ವಾರಕ್ಕೊಮ್ಮೆ ನೋಡಿ. ಇನ್ನು ನಿಮ್ಮವರ ಜಾಹೀರಾತು ಕಂಡು ಪ್ರೀತಿ ಉಕ್ಕಿದರೆ, ದಯವಿಟ್ಟು ಅದನ್ನು ಒತ್ತಬೇಡಿ. ಎದ್ದು ಅಂಗಡಿಗೇ ಹೋಗಿ. ನಿಮಗೂ ಅಲ್ಲಿ ಒಂದು ಸ್ಟೂಲ್ ಇದ್ದೇ ಇರುತ್ತದೆ.