ಕೆಂಪು ದೀಪ ಆರುವ ತನಕ

ಅಮ್ಮನ ಎರಡೂ ಕಿವಿಗಳು ಮೇಜಿನ ಮೇಲೆ ಬಿದ್ದಿದ್ದವು. ಕಿವಿ ಅಂದರೆ ಗೋಡಂಬಿ ಗಾತ್ರದ ಎರಡು ಶ್ರವಣಯಂತ್ರಗಳು. ಎರಡಕ್ಕೂ ಸಪೂರ ವೈರು ಚುಚ್ಚಿ, ವೈರುಗಳನ್ನು ಬೆಂಕಿಪೊಟ್ಟಣದಂಥ ಒಂದು ಪೆಟ್ಟಿಗೆಗೆ ಸೇರಿಸಿ, ಆ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಸಿಕ್ಕಿಸಿದ್ದರು. "ಈಗ ಆಗೋಯ್ತು, ಒಂದು ಚೂರು ಕೂತ್ಕೊಳ್ಳಿ," ಅಂದಿದ್ದರು ಅಂಗಡಿಯ ಕಿವಿ ಡಾಕ್ಟರಮ್ಮ. ತಾನು ಡಾಕ್ಟರ್ ಅಲ್ಲ, ಯಂತ್ರ ಹೊಂದಿಸುವವಳು ಅಷ್ಟೇ ಅಂತ ಆಕೆ ಎಷ್ಟೋ ಸಲ ಹೇಳಿದ್ದಾರೆ. ಅಮ್ಮ ಅದನ್ನು ಕೇಳಿಸಿಕೊಂಡಿಲ್ಲ.

ಅಷ್ಟರಲ್ಲಿ ಕಂಪ್ಯೂಟರ್ ಯಾರ ಅಪ್ಪಣೆಯೂ ಇಲ್ಲದೆ ಅಪ್‌ಡೇಟ್ ಆಗಲು ಹೊರಟಿತು. ಪರದೆ ನೀಲಿಯಾಯಿತು, ನಡುವೆ ಚುಕ್ಕೆಗಳು ಸುತ್ತತೊಡಗಿದವು. 'ದಯವಿಟ್ಟು ಕಾಯಿರಿ, ಆಫ್ ಮಾಡಬೇಡಿ' ಎಂಬ ಸಾಲಿನ ಕೆಳಗೆ ಶೇಕಡಾ ಲೆಕ್ಕ ಏರುತ್ತ ಹೋಗಿ, ಇನ್ನೇನು ಮುಗಿಯಿತು ಅನ್ನುವಾಗ ಪರದೆ ಕಪ್ಪಾಯಿತು. ಟಿಣ್ ಅಂತ ಸದ್ದಾಗಿ ಕಂಪ್ಯೂಟರ್ ಮತ್ತೆ ಎದ್ದಿತು. ಮತ್ತೆ ನೀಲಿ, ಮತ್ತೆ ಚುಕ್ಕೆ, ಲೆಕ್ಕ ಮತ್ತೆ ಸೊನ್ನೆಯಿಂದ. ಮೊದಲ ಸಲ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎರಡನೇ ಸಲ ಡಾಕ್ಟರಮ್ಮ ಕನ್ನಡಕ ಹಾಕಿಕೊಂಡರು. ಆಮೇಲೆ ನಾನು ಎಣಿಸುವುದನ್ನೇ ಬಿಟ್ಟೆ.

ಬೇರೆ ದಿನವಾಗಿದ್ದರೆ ನಾಳೆ ಬರುತ್ತೇವೆ ಅಂತ ಎದ್ದು ಹೋಗುತ್ತಿದ್ದೆವು. ಇವತ್ತು ಹಾಗಲ್ಲ. ಮಧ್ಯಾಹ್ನ ದೊಡ್ಡಮ್ಮನಿಗೆ ಹೃದಯದ ಆಪರೇಷನ್. ಒಳಗೆ ಕರೆದುಕೊಂಡು ಹೋಗುವ ಮೊದಲು ಅಮ್ಮನಿಗೆ ಫೋನ್ ಮಾಡುತ್ತೇನೆ ಅಂತ ಮಗಳ ಕೈಲಿ ಹೇಳಿಸಿದ್ದಾಳೆ. ಅಮ್ಮನ ಒಬ್ಬಳೇ ಅಕ್ಕ ಅವಳು. ಇಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿವೆ.

ಜಗಳ ಅರ್ಥವಾಗಬೇಕಾದರೆ ಅವರ ತವರಿನ ಕಟ್ಟಳೆ ಗೊತ್ತಿರಬೇಕು. ಆ ಮನೆಯಲ್ಲಿ ಹೆಸರು ಹಿಡಿದು ಕರೆದರೆ 'ಏನು' ಅನ್ನುವಂತಿಲ್ಲ, 'ಬಂದೆ' ಅನ್ನುವಂತಿಲ್ಲ, ಮೊದಲು 'ಓ' ಅನ್ನಬೇಕು. ಮೂರು ಸಲ ಕರೆದರೂ ಓಗೊಡದವರ ಜೊತೆ ಯಾರೂ ಮಾತಾಡಬಾರದು. ತಾತ ತುಂಟ ಮಕ್ಕಳಿಗೆ ಅಂತ ಮಾಡಿದ ಕಾನೂನು. ಕೂದಲು ಬೆಳ್ಳಗಾದ ಮೇಲೂ ಅದನ್ನು ಚಾಚೂ ತಪ್ಪದೆ ಪಾಲಿಸುವ ಹೆಂಗಸರು ಈ ಲೋಕದಲ್ಲಿ ಇಬ್ಬರೇ, ಆ ಇಬ್ಬರೂ ನಮ್ಮ ಪಾಲಿಗೇ ಬಂದಿದ್ದಾರೆ.

ಮಾವನನ್ನು, ಅಂದರೆ ಅವರಿಬ್ಬರ ತಮ್ಮನನ್ನು, ಆಸ್ಪತ್ರೆಗೆ ಸೇರಿಸಿದ ದಿನ ದೊಡ್ಡಮ್ಮ ಕಾರಿಡಾರಿನಲ್ಲಿ ಹಿಂದಿನಿಂದ ಅಮ್ಮನನ್ನು ಕರೆದಳಂತೆ. ಒಮ್ಮೆಯಲ್ಲ, ಮೂರು ಸಲ, ನೆಂಟರಿಷ್ಟರೆಲ್ಲರ ಎದುರು. ಅಮ್ಮ ತಿರುಗಿಯೂ ನೋಡದೆ ನಡೆದುಹೋದಳು. ಅವತ್ತಿಗೇ ಮುಗಿಯಿತು. ಅಕ್ಕ ಯಾಕೆ ಮುಖ ತಿರುಗಿಸಿಕೊಂಡಳು ಅನ್ನುವುದು ಅಮ್ಮನಿಗೆ ತಲೆಬುಡ ತಿಳಿಯಲಿಲ್ಲ. ತಾನೇನು ಮಾಡಿದೆ ಅಂತ ಒಳಗೊಳಗೇ ಕೊರಗಿ, ಆಮೇಲೆ ಅವಳೂ ಬಿಗುಮಾನ ಬೆಳೆಸಿಕೊಂಡಳು. ಮೊನ್ನೆ ದೊಡ್ಡಮ್ಮನ ಮಗಳು ಫೋನಿನಲ್ಲಿ ಅಳುತ್ತ ಈ ಕಾರಿಡಾರಿನ ಕಥೆ ಹೇಳಿದಾಗಲೇ ಅಮ್ಮನಿಗೆ ಹೊಳೆದದ್ದು. ಆ ಕಾಲಕ್ಕೇ ಅವಳ ಕಿವಿ ಮಂದವಾಗಿತ್ತು. ಅಷ್ಟು ವರ್ಷ ಅದನ್ನು ಒಪ್ಪಿಕೊಳ್ಳದೆ, ಎಲ್ಲರೂ ಗೊಣಗುಟ್ಟಿ ಮಾತಾಡುತ್ತಾರೆ ಅಂತ ನಮ್ಮನ್ನೇ ಬೈಯುತ್ತಿದ್ದಳು. ಶ್ರವಣಯಂತ್ರ ಬಂದದ್ದು ಹೋದ ವರ್ಷ.

"ನಾನೇ ದೊಡ್ಡಮ್ಮನಿಗೆ ಹೇಳಿಬಿಡ್ತೀನಿ, ಕಿವಿ ಕೇಳಿಸ್ತಿರಲಿಲ್ಲ ಅಂತ," ಅಂದಿದ್ದೆ.

"ನೀನು ಬಾಯಿ ಮುಚ್ಕೊಂಡಿರು. ಅವಳು ಕರೆದದ್ದು ನನ್ನನ್ನ. ಹೇಳೋಳು ನಾನು," ಅಂದಳು ಅಮ್ಮ.

ಆದರೆ ಫೋನನ್ನು ಕಿವಿಗೆ ಒತ್ತಿದ ಕೂಡಲೇ ಯಂತ್ರಗಳು ಕುಯ್ಯೋ ಅಂತ ಸಿಳ್ಳೆ ಹಾಕುತ್ತಿದ್ದವು. ಅದನ್ನು ಸರಿಮಾಡಿಸಲೆಂದೇ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಬಂದು ಕೂತಿದ್ದೆವು. ಈಗ ಸಿಳ್ಳೆಯೂ ಇಲ್ಲ, ಕಿವಿಯೂ ಇಲ್ಲ.

"ಏನಾಯ್ತು?" ಅಮ್ಮ ಕೇಳಿದಳು, ಇಡೀ ಅಂಗಡಿಗೆ ಕೇಳುವಂತೆ.

ನಾನು ನನ್ನ ಫೋನಿನಲ್ಲಿ 'ಕಂಪ್ಯೂಟರ್ ಕೆಟ್ಟಿದೆ' ಅಂತ ಬರೆದು ತೋರಿಸಿದೆ. ಅವಳು ಪರದೆ ನೋಡಿದಳು. "ಓಡ್ತಾ ಇದೆಯಲ್ಲ?" ಅಂದಳು. ಓಡುತ್ತಿತ್ತು ನಿಜ. ಇದ್ದಲ್ಲೇ ಓಡುತ್ತಿತ್ತು.

ಸರದಿಯಲ್ಲಿ ಕೂತಿದ್ದ ನಿವೃತ್ತ ಬಸ್ ಡ್ರೈವರ್ ಎದ್ದು ಬಂದರು. "ಇಂಜಿನ್ ಬಿಸಿಯಾಗಿದೆ ಮೇಡಂ. ಆಫ್ ಮಾಡಿ ತಣ್ಣಗಾಗೋಕೆ ಬಿಡಿ."

"ಆಫ್ ಮಾಡಬೇಡಿ ಅಂತ ಅದೇ ಹೇಳ್ತಿದೆಯಲ್ರೀ," ಅಂದರು ಡಾಕ್ಟರಮ್ಮ.

"ಅದು ಹೇಳುತ್ತೆ. ಅದಕ್ಕೇನು ಗೊತ್ತು?"

ಡಾಕ್ಟರಮ್ಮ ಕಂಪ್ಯೂಟರ್ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಆ ಕಡೆಯವನ ದನಿ ಈಗಷ್ಟೇ ನಿದ್ದೆಯಿಂದ ಎದ್ದು ಬಂದವನಂತಿತ್ತು. ಮೇಲಿನ ಸಾಲಿನ ಒಂದು ಕೀ ಒತ್ತಿ ಹಿಡಿಯಿರಿ ಅಂದ. ಹಿಡಿದರು, ನೀಲಿಯೇ ಬಂತು. ಹಾಗಾದರೆ ಇನ್ನೊಂದು ಕೀ ಅಂದ. ಬಿಳಿ ಅಕ್ಷರಗಳ ಒಂದು ಪಟ್ಟಿ ಬಂತು, 'ರಿಪೇರಿ' ಆರಿಸಿ ಅಂದ. ಆರಿಸಿದರು. ರಿಪೇರಿ ಮಾಡಲು ಕಂಪ್ಯೂಟರನ್ನು ಮತ್ತೆ ಶುರುಮಾಡಬೇಕು ಅಂತ ಬಂತು. ಮತ್ತೆ ಟಿಣ್, ಮತ್ತೆ ಸೊನ್ನೆ.

"ಈಗ ಎಷ್ಟಿದೆ ಪರ್ಸೆಂಟು?" ಕೇಳಿದ ಆತ.

"ಏರ್ತಾ ಇದೆ."

"ಒಳ್ಳೇದು."

"ಏರಿ ಏರಿ ಬೀಳ್ತಾ ಇದೆ ಕಣಪ್ಪಾ," ನಾನು ಕಿರುಚಿದೆ. ನನಗೆ ಪಿತ್ತ ನೆತ್ತಿಗೇರಿತ್ತು. ಕಾಯುವುದು ಸರಿಯೋ, ಏನಾದರೂ ಮಾಡುವುದು ಸರಿಯೋ, ಮಾಡಿದರೆ ಏನು ಮಾಡುವುದೋ ಒಂದೂ ಗೊತ್ತಾಗುತ್ತಿರಲಿಲ್ಲ. ಗೊತ್ತಿಲ್ಲದಿದ್ದಾಗ ನಾನು ಕೂಗಾಡುತ್ತೇನೆ. ಅದು ಅಮ್ಮನ ತವರಿನಿಂದ ಬಂದದ್ದಲ್ಲ, ನನ್ನ ಸ್ವಂತದ್ದು.

ಆತ ಕೇಳಿದ: "ಹಿಂದೆ ಏನೇನು ಚುಚ್ಚಿದೀರಿ? ಮೌಸ್, ಪ್ರಿಂಟರ್, ಏನಿದ್ರೂ ಎಲ್ಲಾ ಕಿತ್ತುಬಿಡಿ. ಏನೋ ಒಂದು ಅದನ್ನ ಮುಂದೆ ಹೋಗೋಕೆ ಬಿಡ್ತಿಲ್ಲ ಅನ್ಸುತ್ತೆ."

ಡಾಕ್ಟರಮ್ಮ ಮೌಸ್ ಕಿತ್ತರು, ಪ್ರಿಂಟರ್ ಕಿತ್ತರು. ಉಳಿದದ್ದು ಬೆಂಕಿಪೊಟ್ಟಣದಂಥ ಪೆಟ್ಟಿಗೆ. ಅದರ ನೆತ್ತಿಯ ಮೇಲೆ ಕೆಂಪು ದೀಪ ಮಿಣುಕುತ್ತಿತ್ತು. ಆಕೆ ಕೈ ಚಾಚಿ ಹಿಂದೆ ತೆಗೆದುಕೊಂಡರು. ಎದುರಿನ ಗೋಡೆಯ ಮೇಲೆ ಆಕೆಯೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ ಬೋರ್ಡು: 'ಕೆಂಪು ದೀಪ ಆರುವ ತನಕ ಯಂತ್ರ ಕೀಳಬೇಡಿ.'

"ಇದು ಮಾತ್ರ ಆಗಲ್ಲ," ಅಂದರು. "ಯಂತ್ರದೊಳಕ್ಕೆ ಹೊಸ ಸೆಟ್ಟಿಂಗ್ ಬರೀತಾ ಇರುವಾಗ ಕಿತ್ತರೆ ಅದು ಸತ್ತೇ ಹೋಗುತ್ತೆ. ಎರಡೂ ಹೋದರೆ ಫ್ಯಾಕ್ಟರಿಗೆ ಕಳಿಸಬೇಕು. ಬರೋ ಹೊತ್ತಿಗೆ ತಿಂಗಳಾಗುತ್ತೆ."

"ಕಂಪ್ಯೂಟರೇ ನಿಂತಿದೆ, ಅದು ಏನನ್ನ ಬರೀತಿದೆ?" ಅಂದೆ ನಾನು.

"ಬರೀತಿಲ್ಲ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ದೀಪ ಮಿಣುಕ್ತಿದೆಯಲ್ಲ."

"ಪೆಟ್ಟಿಗೆ ಕೀಳದಿದ್ರೆ ಕಂಪ್ಯೂಟರ್ ಏಳಲ್ಲ," ಅಂದ ಸಹಾಯವಾಣಿಯವನು.

"ಕಂಪ್ಯೂಟರ್ ಏಳದಿದ್ರೆ ಕೆಂಪು ದೀಪ ಆರಲ್ಲ," ಅಂದರು ಡಾಕ್ಟರಮ್ಮ.

"ಹಾಗಾದ್ರೆ ಏನು ಮಾಡ್ತೀರಿ?" ಅಂದರು ಡ್ರೈವರ್, ತುಂಬ ಆಸಕ್ತಿಯಿಂದ.

ಅಮ್ಮನಿಗೆ ಇಷ್ಟನ್ನೂ ಫೋನಿನಲ್ಲಿ ಬರೆದು ತಿಳಿಸಲು ಹೋಗಿ, ಅರ್ಧ ಬರೆದು, ಯಾವುದು ಯಾವುದಕ್ಕೆ ಅಡ್ಡಗಾಲು ಅಂತ ನನಗೇ ತಪ್ಪಿಹೋಗಿ ಅಳಿಸಿದೆ. ಅಮ್ಮ ನಮ್ಮ ಬಾಯಿಗಳನ್ನೇ ಒಂದಾದ ಮೇಲೊಂದು ನೋಡುತ್ತ ಕೂತಿದ್ದಳು. ಅವಳ ಮಡಿಲಲ್ಲಿ ಅವಳ ಫೋನಿತ್ತು. ಸಂತೆಗೆ ಬಂದ ಮಗುವಿನ ಕೈ ಹಿಡಿದಂತೆ ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಆ ಫೋನ್ ಬೆಳಗಿತು. ಪರದೆಯ ಮೇಲೆ 'ಅಕ್ಕ' ಅಂತ ಇತ್ತು. ಇಷ್ಟು ವರ್ಷ ಮಾತಿಲ್ಲದಿದ್ದರೂ ಆ ಹೆಸರನ್ನು ಅಳಿಸಿರಲಿಲ್ಲ.

ನಾನು ಫೋನಿಗೆ ಕೈ ಹಾಕಿದೆ. ನಾನೇ ಎತ್ತಿ, ಒಂದು ನಿಮಿಷ ಇರು ದೊಡ್ಡಮ್ಮ, ಅನ್ನಬೇಕೆಂದು. ಅಮ್ಮ ನನ್ನ ಕೈಯನ್ನು ಪಟ್ಟನೆ ತಳ್ಳಿದಳು. ಹೇಳೋಳು ನಾನು ಅಂತ ಅವಳು ಮೊದಲೇ ಅಂದದ್ದು ಸರಿಯಿತ್ತು. ನಾನು ಎತ್ತಿದರೆ, ತಂಗಿ ಇವತ್ತೂ ಓಗೊಡಲಿಲ್ಲ ಅಂತ ದೊಡ್ಡಮ್ಮ ಆಪರೇಷನ್ ಕೋಣೆಯೊಳಗೆ ಹೋಗುತ್ತಾಳೆ. ಅಮ್ಮ ಎತ್ತಿದರೆ ಅವಳಿಗೆ ಒಂದಕ್ಷರ ಕೇಳಿಸುವುದಿಲ್ಲ. ಫೋನ್ ಅವಳ ಕೈಯಲ್ಲಿ ಹೊಡೆದುಕೊಳ್ಳುತ್ತಲೇ ಇತ್ತು. ನನಗೆ ಅಳು ಬಂತು.

ಅಮ್ಮ ಎದ್ದಳು. ಮೇಜಿನ ಬಳಿ ಹೋಗಿ, ಹಿತ್ತಲಲ್ಲಿ ಹೂ ಬಿಡಿಸುವಷ್ಟೇ ಸಲೀಸಾಗಿ ಎರಡು ಯಂತ್ರಗಳನ್ನೂ ವೈರಿನಿಂದ ಕಿತ್ತಳು. ವೈರು ಎಳೆದದ್ದಕ್ಕೆ ಪೆಟ್ಟಿಗೆಯೂ ಕಂಪ್ಯೂಟರಿನಿಂದ ಕಳಚಿ ನೆಲಕ್ಕೆ ಬಿತ್ತು. "ಅಯ್ಯೋ ಬೇಡ! ಬೇಡಮ್ಮಾ!" ಅಂತ ಡಾಕ್ಟರಮ್ಮ ಕೂಗಿದ್ದು, ಡ್ರೈವರ್ ಕೂಗಿದ್ದು, ನಾನು ಕೂಗಿದ್ದು ಯಾವುದೂ ಅವಳಿಗೆ ಕೇಳಿಸಲಿಲ್ಲ. ಎಡಗಿವಿಯದನ್ನು ಹಾಕಿಕೊಂಡು ತಲೆ ಅಲ್ಲಾಡಿಸಿದಳು. ಏನೂ ಇಲ್ಲ. ಬಲಗಿವಿಯದನ್ನು ಹಾಕಿಕೊಂಡಳು. ಅವಳ ಹುಬ್ಬು ಮೇಲೇರಿತು. ನಮ್ಮ ಗಲಾಟೆ ಕೇಳಿಸಿತೆಂದು ಕಾಣುತ್ತದೆ, "ಶ್!" ಅಂದಳು.

ಅಂಗಡಿಯೆಲ್ಲ ಗಪ್‌ಚಿಪ್.

ಫೋನನ್ನು ಬಲಗಿವಿಯಿಂದ ಒಂದಿಷ್ಟು ದೂರವೇ ಹಿಡಿದಳು. ಸಿಳ್ಳೆ ಬರಲಿಲ್ಲ. ದನಿಯನ್ನು ತುದಿಯವರೆಗೆ ಏರಿಸಿಟ್ಟಿದ್ದರಿಂದ ಆ ಕಡೆಯ ಮಾತು ನನಗೂ ಕೇಳಿಸಿತು. ಸುಸ್ತಾದ, ಗೊಗ್ಗರು ದನಿ.

"ಚಿಣ್ಣೀ?"

"ಓ," ಅಂದಳು ಅಮ್ಮ.

ಫೋನನ್ನು ಎರಡೂ ಕೈಯಲ್ಲಿ ಹಿಡಿದಳು.

"ಅಕ್ಕಾ, ಇನ್ನೂ ಎರಡು ಸಲ ಕರಿಯೇ. ಅವತ್ತಿನದು ಹಾಗೇ ಉಳಿದಿದೆ."

ಕಾಯುತ್ತ ನಿಂತಳು.

"ಚಿಣ್ಣೀ."

"ಓ."

"ಚಿ..." ದೊಡ್ಡಮ್ಮನಿಗೆ ಪೂರ್ತಿ ಕರೆಯಲಾಗಲಿಲ್ಲ. ಅಮ್ಮ ಅಷ್ಟಕ್ಕೇ "ಓ" ಅಂದಳು, ಜೋರಾಗಿ, ಬೀದಿಯವರೆಗೆ ಕೇಳುವಂತೆ. ಆಮೇಲೆ ಗೋಡೆಯ ಕಡೆ ತಿರುಗಿಕೊಂಡು, "ನನಗೆ ಕಿವಿ ಕೇಳಿಸಲ್ಲ ಕಣೇ. ಅವತ್ತೂ ಕೇಳಿಸಿರಲಿಲ್ಲ," ಅಂದಳು.

"ಅಷ್ಟು ಹೇಳೋಕೆ ನಿಂಗೇನು ರೋಗ ಬಂದಿತ್ತೇ, ದರಿದ್ರದವಳೇ!" ಅಂತ ದೊಡ್ಡಮ್ಮ ಅತ್ತಳು. ಅಮ್ಮ ಬೈಗುಳವನ್ನೆಲ್ಲ "ಹೂಂ, ಹೂಂ" ಅಂತ ಕೇಳಿಸಿಕೊಂಡಳು. ಅವಳ ಮುಖದಲ್ಲಿ ಅಷ್ಟು ಸುಖವನ್ನು ನಾನು ಕಂಡದ್ದು ಅಪರೂಪ. ಕೊನೆಗೆ ನರ್ಸಿನ ದನಿ ನಡುವೆ ಬಂತು, ಹೊತ್ತಾಯಿತು ಅಂತ. "ಹೋಗಿ ಬಾ. ಹೊರಗೆ ಬಂದ ಕೂಡಲೇ ಕರಿ, ಇಲ್ಲೇ ಇರ್ತೀನಿ," ಅಂದಳು ಅಮ್ಮ.

ಅದೇ ಹೊತ್ತಿಗೆ ಕಂಪ್ಯೂಟರ್ ಟಿಣ್ ಅಂದಿತು. ನೀಲಿಯಾಯಿತು, ಲೆಕ್ಕ ಏರಿತು, ಈ ಸಲ ಕಪ್ಪಾಗಲಿಲ್ಲ. 'ಸ್ವಾಗತ' ಅಂತ ಬಂತು, ಏನೂ ನಡೆದೇ ಇಲ್ಲವೆಂಬಂತೆ. ಸ್ಪೀಕರಿನಲ್ಲಿ ನಾವು ಮರೆತೇಬಿಟ್ಟಿದ್ದ ಸಹಾಯವಾಣಿಯವನು, "ಹಲೋ, ಏನ್ ಮಾಡಿದ್ರಿ? ಸರಿಹೋಯ್ತಾ?" ಅನ್ನುತ್ತಿದ್ದ. "ನಾವೇನೂ ಮಾಡಿಲ್ಲಪ್ಪ," ಅಂದರು ಡ್ರೈವರ್.

ಅಮ್ಮ ಎಡಗಿವಿಯ ಯಂತ್ರವನ್ನು ತೆಗೆದು ಮೇಜಿನ ಮೇಲಿಟ್ಟಳು. "ಇದು ಸತ್ತಿದೆ. ಕಳಿಸೋ ಕಡೆ ಕಳಿಸಿ."

"ಆ ಬೋರ್ಡ್ ಒಂದು ನೋಡಿದ್ರೆ ಹೀಗಾಗ್ತಿರಲಿಲ್ಲಮ್ಮ," ಡಾಕ್ಟರಮ್ಮ ನೊಂದುಕೊಂಡು ಅಂದರು.

"ಬೆಳಗ್ಗೆಯಿಂದ ಅದನ್ನೇ ಓದ್ತಾ ಕೂತಿದ್ದೆ. ಕಿವಿ ಕೇಳಿಸಲ್ಲ ಅಂದ್ರೆ ಕಣ್ಣೂ ಕಾಣಿಸಲ್ವಾ? ಎರಡರಲ್ಲಿ ಒಂದಾದರೂ ಬದುಕುತ್ತೆ ಅಂದ್ಕೊಂಡೆ."

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಅಮ್ಮ ಫೋನನ್ನು ಎದೆಗೆ ಒತ್ತಿಕೊಂಡು ಬಿರಬಿರನೆ ನಡೆಯುತ್ತಿದ್ದಳು, ನಾನು ಅವಳ ಎಡಕ್ಕಿದ್ದೆ. ಎದುರಿನಿಂದ ಸೈಕಲ್ ಬರುವುದನ್ನು ನೋಡಿ "ಅಮ್ಮಾ" ಅಂದೆ. ತಿರುಗಲಿಲ್ಲ. ಇನ್ನೊಮ್ಮೆ ಕರೆದೆ, ಆಗಲೂ ತಿರುಗಲಿಲ್ಲ. ಎಂದಿನ ಹಾಗೆ ಸಿಟ್ಟು ಗಂಟಲವರೆಗೆ ಬಂತು. ನುಂಗಿಕೊಂಡೆ. ಸುತ್ತಿ ಬಂದು ಅವಳ ಬಲಕ್ಕೆ ನಿಂತು ಮೂರನೇ ಸಲ ಕರೆದೆ.