ಅಬ್ಬಿ ನೀರು ಯಾಕೆ ಕೆಂಪಾಯ್ತು?

ಮಳೆಯಿಲ್ಲ, ಮೋಡವಿಲ್ಲ. ಸುಡು ಬಿಸಿಲಲ್ಲಿ ಅಬ್ಬಿ ನೀರು ಕೆಂಪಾಗಿ ಬಂದರೆ ಯಾರಿಗೆ ತಾನೆ ಸಿಟ್ಟು ಬರಲ್ಲ ಹೇಳಿ? ಸಾವಿತ್ರಮ್ಮನಿಗಂತೂ ನೆತ್ತಿಗೇರಿತ್ತು.

ಕಳಸದ ಹತ್ತಿರದ ಆ ಊರಿಗೆ ಬಾವಿ, ಬೋರು ಏನೂ ಇಲ್ಲ. ಗುಡ್ಡದ ಬಂಡೆ ಸಂದಿಯಿಂದ ಸುರಿಯೋ ಅಬ್ಬಿಗೆ ಪೈಪು ಹಾಕಿದ್ದಾರೆ. ನೀರು ತಾನೇ ಇಳಿದು ಮನೆಮನೆಗೆ ಬರುತ್ತೆ.

"ಹಾಳಾದ ಕಾಡುಹಂದಿಗಳು! ಮೇಲೆ ಹೋಗಿ ಹೊರಳಾಡಿವೆ," ಅಂತ ಬೈಯುತ್ತಲೇ ಸಾವಿತ್ರಮ್ಮ ಆ ನೀರನ್ನೇ ಬಟ್ಟೆಯಲ್ಲಿ ಸೋಸಿ ಕಾಫಿ ಮಾಡಿದರು. ತಾವೂ ಕುಡಿದರು, ಮನೆಗೆ ಬಂದಿದ್ದ ಮೈದುನನ ಮಗಳು ಧನ್ಯಾಗೂ ಕೊಟ್ಟರು. ಧನ್ಯಾ ಎಂಜಿನಿಯರ್. ಊರ ಗುಡ್ಡದಲ್ಲಿ ಪಂಚಾಯ್ತಿ ಕಟ್ಟಿಸೋ ಪ್ರವಾಸಿ ಕೇಂದ್ರದ ನಕ್ಷೆ ಅವಳದ್ದೇ. ಅಲ್ಲಿ ಕಾಫಿ, ತಿಂಡಿ ಅಂಗಡಿ ನಡೆಸೋದು ಸಾವಿತ್ರಮ್ಮನ ಸ್ತ್ರೀಶಕ್ತಿ ಸಂಘ.

ನಕ್ಷೆ ನೋಡಿದ್ದೇ ಸಾವಿತ್ರಮ್ಮ ಮೂತಿ ತಿರುವಿದರು. "ಇದೇನು ಮಾರಾಯ್ತಿ, ದನದ ಕೊಟ್ಟಿಗೆನಾ? ಕರಿಕಲ್ಲಿನ ಗೋಡೆ, ಮಾಡಿನ ಮೇಲೆ ಹುಲ್ಲು! ಅದೂ ಗುಡ್ಡದ ಬುಡದಲ್ಲಿ, ಹಳೇ ಕಾಫಿ ಒಣಗಿಸೋ ಕಣದಲ್ಲಿ! ಮೇಲಿನ ಬಯಲಲ್ಲಿ ಗಾಜಿನ ಬಂಗಲೆ ನಿಲ್ಲಬೇಕು. ಬಂದವರು ಬಾಯಿ ಬಿಟ್ಟು ನೋಡಬೇಕು. ಆಗ ನಮ್ಮ ಸಂಘಕ್ಕೂ ವ್ಯಾಪಾರ."

"ಜನ ಬರೋದು ಗುಡ್ಡ ನೋಡೋಕೆ ದೊಡ್ಡಮ್ಮ, ಗಾಜು ನೋಡೋಕಲ್ಲ. ಈ ಕರಿಕಲ್ಲು ಕೋಟ್ಯಂತರ ವರ್ಷದ ಹಿಂದೆ ಭೂಮಿಯೊಳಗಿಂದ ಉಕ್ಕಿದ ಬೆಂಕಿರಸ. ಹರಿದು, ಪದರ ಪದರವಾಗಿ ಆರಿ ಕಲ್ಲಾಯ್ತು. ಕಟ್ಟಡವೂ ಹಾಗೇ ತಗ್ಗಿ ಕೂತಿರಲಿ ಅಂತ ಬರೆದೆ. ಕಣ ಹೇಗೂ ಮಟ್ಟ ಇದೆ, ಗುಡ್ಡ ಕಡಿಯೋದೇ ಬೇಡ. ಮಾಡಿನ ಮಳೆನೀರು ಟ್ಯಾಂಕಿಗೆ ಹೋಗುತ್ತೆ."

"ನಿನ್ನ ಬೆಂಕಿರಸ ನೀನೇ ಕುಡಿ! ನಿನ್ನ ನಕ್ಷೆ ಬರೋ ಮುಂಚೇನೇ ಪಂಚಾಯ್ತಿ ಕಂಟ್ರಾಕ್ಟರಿಗೆ ನಾನೇ ಹೇಳಿ ಮೇಲಿನ ಬಯಲಲ್ಲಿ ಕಕ್ಕಸಿನ ಗುಂಡಿ ತೋಡಿಸಿಯೂ ಆಯ್ತು. ಮೊನ್ನೆ ಜೆಸಿಬಿ ಬಂದುಹೋಯ್ತು."

ಧನ್ಯಾ ಲೋಟ ಕೆಳಗಿಟ್ಟಳು. "ಮೊನ್ನೆನಾ? ಅಬ್ಬಿ ಕೆಂಪಾಗಿದ್ದು ಯಾವಾಗಿಂದ?"

"ಮೊನ್ನೆ ಸಂಜೆ..." ಎನ್ನುತ್ತಲೇ ಸಾವಿತ್ರಮ್ಮ ಚಪ್ಪಲಿ ಮೆಟ್ಟಿದರು.

ಇಬ್ಬರೂ ಗುಡ್ಡ ಹತ್ತಿದರು. ಗುಂಡಿಯ ತಳದಲ್ಲಿ ಒರತೆ ಒಡೆದು ಕೆಂಪು ನೀರು ನಿಂತಿತ್ತು. ಒಂದು ಮೂಲೆಯಲ್ಲಿ ಅದು ಕಲ್ಲಿನ ಬಿರುಕಿಗೆ ಸುಳಿದು ಇಳಿಯುತ್ತಿತ್ತು. ಸುತ್ತ ಎಲ್ಲೂ ಹಂದಿಯ ಹೆಜ್ಜೆಯಿಲ್ಲ.

"ಬಯಲಿನ ಹುಲ್ಲು ಮಳೆನೀರು ಹಿಡಿದಿಡುತ್ತೆ. ಅದು ಈ ಬಿರುಕಲ್ಲಿ ಇಳಿದು ಬೇಸಿಗೆಯಲ್ಲೂ ಅಬ್ಬಿಗೆ ಬರುತ್ತೆ," ಎಂದಳು ಧನ್ಯಾ. "ಇವತ್ತು ಗುಂಡಿಯಿಂದ ಮಣ್ಣು ಬಂತು. ನಾಳೆ ಪ್ರವಾಸಿಗರು ಬಂದಮೇಲೆ ಇದೇ ಗುಂಡಿಯಿಂದ ಏನು ಬರುತ್ತೆ, ನೀವೇ ಹೇಳಿ."

ಸಾವಿತ್ರಮ್ಮ ಹಣೆ ಚಚ್ಚಿಕೊಂಡರು. "ಥೂ! ಮಾಡಿದ್ದು ನಾನು, ಬೈಸಿಕೊಂಡಿದ್ದು ಹಂದಿ!" ನಾಚಿಕೆಯಿಂದ ಮುಖ ಕೆಂಪಾಯ್ತು.

ಮನೆಯಲ್ಲಿ ಗಂಡ ಚಂದ್ರಶೇಖರ ರಾಗ ಎಳೆದರು. "ಈಗ ಬೇಡ ಅಂದರೆ ಊರವರು ನಗ್ತಾರೆ ಸಾವಿತ್ರಿ."

"ನಗಲಿ ಬಿಡಿ. ಊರಿಗೆ ಹೇಲು ನೀರು ಕುಡಿಸಿದವಳು ಅನ್ನಿಸಿಕೊಳ್ಳೋದಕ್ಕಿಂತ ವಾಸಿ."

ಚಂದ್ರಶೇಖರ ಕೊಡದಲ್ಲಿದ್ದ ಕೆಂಪು ನೀರನ್ನೇ ನೋಡಿದರು. "ಸರಿ, ಗ್ರಾಮಸಭೆಗೆ ನಾನೂ ಬರ್ತೀನಿ," ಅಂದರು.

ಸಭೆಯಲ್ಲಿ ಸಾವಿತ್ರಮ್ಮ ಸೆರಗು ಸಿಕ್ಕಿಸಿ ಎದ್ದು ನಿಂತರು. "ಗುಂಡಿ ತೋಡಿಸಿದ್ದು ನಾನೇ, ಮುಚ್ಚಿಸೋದೂ ನಾನೇ. ಕೇಂದ್ರ ಕಣದಲ್ಲಾಗಲಿ. ಕಕ್ಕಸು ಅಬ್ಬಿಗಿಂತ ಕೆಳಗೆ, ನೀರಿಂದ ದೂರ ಇರಲಿ. ಇಲ್ಲದಿದ್ದರೆ ನಮ್ಮ ಸಂಘ ಅಲ್ಲಿ ಒಂದು ಲೋಟ ಕಾಫಿನೂ ಕಾಸಲ್ಲ!"

ಕಂಟ್ರಾಕ್ಟರ್ ಗೊಣಗಿದ. ಸಂಘದ ಹೆಂಗಸರೆಲ್ಲ ಸಾವಿತ್ರಮ್ಮನ ಪಕ್ಕ ಎದ್ದು ನಿಂತರು. ಸಭೆ ಒಪ್ಪಿತು. ಆ ವಾರವೇ ಗುಂಡಿ ಮುಚ್ಚಿ, ಮೇಲೆ ಹುಲ್ಲುಹೆಂಟೆ ಕೂರಿಸಿದರು. ಅಬ್ಬಿ ನೀರು ಮತ್ತೆ ತಿಳಿಯಾಯ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಗುಡ್ಡಕ್ಕೂ ಪ್ರವಾಸಿ ಕೇಂದ್ರವೋ ರೆಸಾರ್ಟೋ ಬರಬಹುದು. ಬರಲಿ. ಆದರೆ ಜೆಸಿಬಿ ಬರೋ ಮುಂಚೆ ನಕ್ಷೆ ತರಿಸಿ, ಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ನೀರು ಎಲ್ಲಿಂದ ಬರುತ್ತೆ, ಇವರ ಹೊಲಸು ಎಲ್ಲಿಗೆ ಹೋಗುತ್ತೆ? ಕೇಳೋಕೆ ಸಂಕೋಚಪಟ್ಟರೆ ಅದನ್ನ ಕುಡಿಯೋರು ನಾವೇ.