ಇಲ್ಲ ಎಂದು ಬರೆದ ಹಕ್ಕಿ

ನಾನು ಒಂದು ಶ್ರವಣಯಂತ್ರ. ಹೆಸರು ದೊಡ್ಡದು, ದೇಹ ಗೋಡಂಬಿಯಷ್ಟು. ಜನ ನನ್ನನ್ನು ಕಿವಿ ಮಷೀನು ಎಂದೇ ಕರೆಯುತ್ತಾರೆ. ನಾನು ಹುಟ್ಟಿದ್ದು ಧೂಳೇ ಇಲ್ಲದ ಒಂದು ಕೋಣೆಯಲ್ಲಿ. ಬಿಳಿ ಟೋಪಿ ತೊಟ್ಟ ಹೆಣ್ಣುಮಗಳೊಬ್ಬಳು ಚಿಮಟ ಹಿಡಿದು, ಕೂದಲೆಳೆಯಂಥ ತಂತಿಗಳನ್ನು ಉಸಿರು ಬಿಗಿಹಿಡಿದು ನನ್ನೊಳಗೆ ಕೂರಿಸಿದಳು. ಕೆಲಸ ಮುಗಿದ ಮೇಲೆ ಪರೀಕ್ಷೆಗೆಂದು ನನ್ನೆದುರು ಒಂದು ತೆಳುವಾದ ಶಿಳ್ಳೆ ನುಡಿಸಿದರು. ಅದೇ ನಾನು ಕೇಳಿದ ಮೊದಲ ಸದ್ದು. ಸಣ್ಣ ದನಿಯನ್ನು ದೊಡ್ಡದು ಮಾಡಿ ಮನುಷ್ಯರಿಗೆ ದಾಟಿಸುವುದೇ ನನ್ನ ಕೆಲಸ. ಕಿವಿಯ ಹಿಂದೆ ಕೂರುವ ಬಾಳಾದ್ದರಿಂದ, ನನ್ನನ್ನು ತೊಟ್ಟವರ ಮುಖ ನಾನು ಕಂಡದ್ದು ಕಡಿಮೆ. ಅವರ ಗುಣವನ್ನು ದನಿಯಿಂದಲೇ ಅರಿತುಕೊಂಡೆ.

ನನ್ನ ಮೊದಲ ಯಜಮಾನರು ಧಾರವಾಡದ ಚನಬಸಪ್ಪ ಬಡಿಗೇರ. ನಲವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿ, ಅದರ ಗದ್ದಲಕ್ಕೆ ಕಿವಿಯನ್ನು ಕೊಟ್ಟವರು. ಅವರಿಗೆ ನಾನೆಂದರೆ ಆಗುತ್ತಿರಲಿಲ್ಲ.

"ಸುವರ್ಣಾ, ಈ ಹುಳಾ ತಗದಿಡವಾ. ಕಿವ್ಯಾಗ ಕುಂತು ಕೊರಿಯಾಕತ್ತೈತಿ," ಎಂದು ಬೆಳಿಗ್ಗೆ ಸೊಸೆ ತೊಡಿಸಿದ ಕೂಡಲೇ ಕೂಗುತ್ತಿದ್ದರು.

ಆದರೂ ಸಂಜೆ ಆರಕ್ಕೆ, ಸೊಸೆ ಕೆಲಸ ಮುಗಿಸಿ ಮನೆಗೆ ಬರುವ ಹೊತ್ತಿಗೆ, ತಾವೇ ನನ್ನನ್ನು ಹುಡುಕಿ ತೊಡುತ್ತಿದ್ದರು. ಒಂದು ದಿನ ಗೆಳೆಯರಿಗೆ ಅವರು ಕಾರಣ ಹೇಳಿದ್ದು ನನಗೆ ಕೇಳಿಸಿತು: "ಆ ಹುಡುಗಿ ನನ್ನ ಸಲುವಾಗಿ ಒದರಿ ಒದರಿ ಗಂಟಲಾ ಹರಕೋತಾಳಪಾ." ಸೊಸೆಗೆ ಮಾತ್ರ ಅವರು ಇದನ್ನು ಹೇಳಲಿಲ್ಲ. ಮೂರು ವರ್ಷ ಹೀಗೆ ಸಂಜೆಗಷ್ಟೇ ದುಡಿದೆ. ಅವರು ತೀರಿಕೊಂಡ ಮೇಲೆ, ತೇವ ತಾಗದಿರಲೆಂದು ಒಂದು ಹಿಡಿ ಅಕ್ಕಿ ಹಾಕಿದ ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಸುವರ್ಣಾ ನನ್ನನ್ನು ಮಲಗಿಸಿದಳು.

ಆ ಡಬ್ಬಿಯಿಂದ ನನ್ನನ್ನು ಎಬ್ಬಿಸಿದ್ದು ಇಂದುಮತಿ ಗಲಗಲಿಯವರಿಗಾಗಿ. ಇಂದುಮತಿಯವರು ಸುವರ್ಣಾ ಇದ್ದ ಕಾಲೊನಿಯವರೇ, ನಿವೃತ್ತ ಶಿಕ್ಷಕಿ. ಸುವರ್ಣಾ ಅವರ ಕೈಯಲ್ಲೇ ಕಲಿತವಳು. ಆ ಕಡೆ ಶಿಕ್ಷಕಿಯರನ್ನು ಕರೆಯುವಂತೆ ಎಲ್ಲರೂ ಅವರನ್ನು ಅಕ್ಕಾರು ಎಂದೇ ಕರೆಯುತ್ತಿದ್ದರು. ಎಪ್ಪತ್ತೆರಡರ ಅವರಿಗೆ ಹಕ್ಕಿಗಳೆಂದರೆ ಪ್ರಾಣ. ಸಂಕ್ರಾಂತಿ ಕಳೆದದ್ದೇ ತಡ, ದಿನಾ ಬೆಳಿಗ್ಗೆ ಮೊದಲು ತಮ್ಮ ಹಿತ್ತಲಲ್ಲಿ ಅರ್ಧ ಗಂಟೆ ಕುಳಿತು, ಆಮೇಲೆ ಕಾಲೊನಿಯನ್ನು ಒಂದು ಸುತ್ತು ಹಾಕಿ, ಕಂಡ ಹಕ್ಕಿ, ಕೇಳಿದ ಹಕ್ಕಿ ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆಯುವರು. ಯುಗಾದಿಯ ದಿನ ಅದರ ಪಟ್ಟಿಯನ್ನು ದುಂಡಗೆ ಬರೆದು ಕಾಲೊನಿಯ ಸೂಚನಾ ಫಲಕಕ್ಕೆ ಅಂಟಿಸುವರು. ಇಪ್ಪತ್ತು ವರ್ಷಗಳಿಂದ ನಡೆದುಬಂದ ಪದ್ಧತಿ ಅದು. ಬೇವು-ಬೆಲ್ಲ ತಿಂದು ಪಟ್ಟಿ ಓದಲು ಬರುವವರೂ ಇದ್ದರು.

ಇತ್ತೀಚೆಗೆ ಯಾರು ಏನು ಹೇಳಿದರೂ ಅಕ್ಕಾರು ಬರೀ ತಲೆಯಾಡಿಸಿ ನಗುವುದನ್ನು ಸುವರ್ಣಾ ಗಮನಿಸಿದ್ದಳು. ನಿಮಗೆ ಕಿವಿ ಕೇಳುವುದಿಲ್ಲ ಎಂದು ಆಕೆ ಅನ್ನಲಿಲ್ಲ.

"ಅಕ್ಕಾರ, ನಮ್ಮ ಮಾವಾರ ಮಷೀನ ಸುಮ್ನ ಬಿದ್ದೈತ್ರಿ. ಬಳಸದ ಇಟ್ರ ಕೆಟ್ಟ ಹೋಗತೈತಿ. ನೀವ ಸ್ವಲ್ಪ ದಿನಾ ಹಾಕ್ಕೊಂಡ ಉಪಕಾರ ಮಾಡ್ರಿ," ಎಂದಳು.

ನಾನು ಅಷ್ಟು ಬೇಗ ಕೆಡುವ ಜಾತಿಯದಲ್ಲ. ಸುವರ್ಣಾಳಿಗೂ ಅದು ಗೊತ್ತಿತ್ತು. ಬಹುಶಃ ಅಕ್ಕಾರಿಗೂ ಗೊತ್ತಿತ್ತು. "ಉಪಕಾರ ಅಂದ ಮ್ಯಾಲೆ ಮಾಡಬೇಕಲ್ಲ," ಎಂದು ಡಬ್ಬಿ ಇಸಿದುಕೊಂಡರು. ಕಿವಿ ಪರೀಕ್ಷೆ ಮಾಡುವವರು ಅವರ ಕಿವಿಗೆ ಹೊಸ ಅಚ್ಚು ತೆಗೆದು, ನನ್ನನ್ನು ಅವರಿಗೆ ಹೊಂದುವಂತೆ ಮತ್ತೆ ಶ್ರುತಿ ಮಾಡಿದರು.

ಮೊದಲ ವಾರವೇ ನಾನು ಒಂದು ಎಡವಟ್ಟು ಮಾಡಿದೆ. ನನ್ನನ್ನು ಯಾವುದಾದರೂ ಒತ್ತಿದರೆ ನಾನು ಶಿಳ್ಳೆ ಹೊಡೆಯುತ್ತೇನೆ. ಅದು ನನ್ನ ಹುಟ್ಟುಗುಣ. ಚಳಿಯೆಂದು ಅಕ್ಕಾರು ತಲೆಗೆ ಸ್ಕಾರ್ಫ್ ಬಿಗಿದುಕೊಂಡು ನಡೆಯುತ್ತಿದ್ದರು. ನಾನು ಸುಂಯ್ ಎಂದೆ. ಅವರು ಥಟ್ಟನೆ ನಿಂತರು. ನೋಟುಬುಕ್ಕು ತೆಗೆದು, "ಹೊಸ ಹಕ್ಕಿ. ಒಂದೇ ಎಳೆಯ ಶಿಳ್ಳೆ. ಸಂಪಿಗೆ ಮರದ ಕಡೆಯಿಂದ," ಎಂದು ಬರೆದು ಅರ್ಧ ಗಂಟೆ ಆ ಮರವನ್ನು ಹುಡುಕಿದರು. ಜೊತೆಗಿದ್ದ ಸುವರ್ಣಾ ಕೊನೆಗೆ ತಡೆಯಲಾರದೆ ನಕ್ಕಳು.

"ಅಕ್ಕಾರ, ಆ ಹಕ್ಕಿ ನಿಮ್ಮ ಕಿವಿ ಹಿಂದ ಕುಂತೈತ್ರಿ!"

ಅಕ್ಕಾರು ಅದಕ್ಕಿಂತ ಜೋರಾಗಿ ನಕ್ಕರು. ಎರಡು ದಿನದಲ್ಲಿ ಕಾಲೊನಿಯೆಲ್ಲ ಆ ಕಥೆ ಹಬ್ಬಿತು.

ಫೆಬ್ರುವರಿಯ ಕೊನೆಯಲ್ಲಿ ಒಂದು ಬೆಳಿಗ್ಗೆ ನಾವು ಹಿತ್ತಲ ಪೇರಲ ಗಿಡದ ಕೆಳಗೆ ಕುಳಿತಿದ್ದೆವು. ಕೆಂಬೂತ ಗುಂ ಗುಂ ಎನ್ನುತ್ತಿತ್ತು. ದೂರದಲ್ಲಿ ಕಂಚುಗಾರ ಹಕ್ಕಿ ತನ್ನ ಬಡಿತ ನಡೆಸಿತ್ತು. ಇವೆರಡಕ್ಕೂ ನಾನು ಬೇಕಿರಲಿಲ್ಲ. ದಪ್ಪ ದನಿಗಳು ಅಕ್ಕಾರಿಗೆ ಹಾಗೆಯೇ ಕೇಳುತ್ತಿದ್ದವು. ಆಗ ಬಂತು, ಚಿಕ್ ಚಿಕ್ ಚಿಕ್. ಸೂಜಿಯ ಮೊನೆಯಂಥ ದನಿ. ನಾನು ಅದನ್ನು ಹಿಡಿದು ಒಳಗೆ ದಾಟಿಸಿದೆ. ಅಕ್ಕಾರು ಬರೆಯುತ್ತಿದ್ದ ಪೆನ್ನು ಅಲ್ಲೇ ನಿಂತಿತು. ತಲೆಯೆತ್ತಿದರು. ಹೆಬ್ಬೆರಳಿನಷ್ಟು ಗಾತ್ರದ, ಮಣ್ಣುಬಣ್ಣದ ಹಕ್ಕಿಯೊಂದು ಎಲೆಯ ಮರೆಯಲ್ಲಿ ಕುಣಿಯುತ್ತಿತ್ತು.

"ಬದನಿಕೆ ಹಕ್ಕಿ," ಎಂದು ಪಿಸುಗುಟ್ಟಿದರು.

ಆಮೇಲೆ ಅವರು ನನ್ನನ್ನು ಕಿವಿಯಿಂದ ತೆಗೆದು ಅಂಗೈ ಮೇಲಿಟ್ಟುಕೊಂಡರು. ಹಕ್ಕಿ ಕೂಗುತ್ತಲೇ ಇತ್ತು. ಅವರ ಮುಖದಲ್ಲಿ ಮಾತ್ರ ಏನೂ ಇಲ್ಲ. ಮತ್ತೆ ತೊಟ್ಟರು, ಚಿಕ್ ಚಿಕ್. ಮತ್ತೆ ತೆಗೆದರು. ಹೀಗೆ ಮೂರು ಸಲ. ಹಕ್ಕಿ ಕೊಂಬೆ ಬಿಟ್ಟು ಕದಲಿರಲಿಲ್ಲ.

ಒಳಗೆ ಹೋಗಿ ಹಳೆಯ ನೋಟುಬುಕ್ಕುಗಳನ್ನು ಹರಡಿದರು. ಆರು ವರ್ಷಗಳ ಹಿಂದಿನಿಂದ ಪ್ರತಿ ವಸಂತದಲ್ಲೂ ಒಂದೇ ಸಾಲು: "ಬದನಿಕೆ ಹಕ್ಕಿ: ಇಲ್ಲ." ಬೆಳ್ಗಣ್ಣ ಇಲ್ಲ. ಸೂರಕ್ಕಿ ಇಲ್ಲ. ಪುಟ್ಟ ದನಿಯ ಹಕ್ಕಿಗಳೆಲ್ಲ ಒಂದೊಂದಾಗಿ ಇಲ್ಲವಾಗಿದ್ದವು. ಇಂಥ ಹಕ್ಕಿಗಳನ್ನು ಮೊದಲು ಕಿವಿ ಹಿಡಿಯಬೇಕು, ಆಮೇಲೆ ಕಣ್ಣು ಹುಡುಕಬೇಕು. ಕಿವಿ ಕರೆಯದಿದ್ದ ಕಡೆ ಅಕ್ಕಾರ ಕಣ್ಣು ಹೋಗಿರಲಿಲ್ಲ.

"ಹಕ್ಕಿ ಹೋಗಿಲ್ಲ. ಹೋದದ್ದು ನನ್ನ ಕಿವಿ," ಎಂದು ತಮಗೆ ತಾವೇ ಹೇಳಿಕೊಂಡರು.

ಅದು ಅವರೊಬ್ಬರ ತಪ್ಪಾಗಿ ಉಳಿದಿದ್ದರೆ ಅಳಿಸಿ ಬರೆದು ಸುಮ್ಮನಿರಬಹುದಿತ್ತು. ಆದರೆ ಆ ಪಟ್ಟಿ ಆಗಲೇ ಊರು ಸುತ್ತಿತ್ತು. ಕಾಲೊನಿಯ ಉದ್ಯಾನದಲ್ಲಿ ಏಳು ಹಳೆಯ ಮಾವಿನ ಮರಗಳಿದ್ದವು. ಅವುಗಳ ಕೊಂಬೆಗಳಿಗೆ ಬದನಿಕೆ ಹಬ್ಬಿತ್ತು. ಬದನಿಕೆ ಎಂದರೆ ಮರದ ಮೇಲೇ ಬೇರೂರಿ ಅದರ ರಸ ಹೀರಿ ಬದುಕುವ ಗಿಡ. ಅದರ ಹಣ್ಣೇ ಈ ಹಕ್ಕಿಯ ಊಟ, ಹೆಸರು ಬಂದದ್ದೂ ಅದರಿಂದಲೇ. ಆ ಏಳೂ ಮರಗಳನ್ನು ಕಡಿದು ಶಟಲ್ ಆಡುವ ಅಂಗಳ ಮಾಡಬೇಕೆಂದು ಕಾಲೊನಿಯ ಸಮಿತಿ ಅರಣ್ಯ ಇಲಾಖೆಗೆ ಅರ್ಜಿ ಹಾಕಿತ್ತು. ಹಕ್ಕಿಗಳು ಈ ಮರಗಳನ್ನು ಬಿಟ್ಟು ಹೋಗಿವೆ ಎಂಬುದಕ್ಕೆ ಸಾಕ್ಷಿಯಾಗಿ ಅರ್ಜಿಯ ಜೊತೆ ಅಕ್ಕಾರ ಯುಗಾದಿ ಪಟ್ಟಿಗಳನ್ನೇ ಲಗತ್ತಿಸಿತ್ತು. ಹದಿನೈದು ದಿನದಲ್ಲಿ ಅಧಿಕಾರಿ ಸ್ಥಳ ನೋಡಲು ಬರುವವರಿದ್ದರು.

ಅಕ್ಕಾರು ಅಂದೇ ಸಮಿತಿಯ ಅಧ್ಯಕ್ಷ ವೀರಭದ್ರಪ್ಪ ಕೊಪ್ಪದ ಅವರ ಮನೆಗೆ ಹೋದರು. ಕೊಪ್ಪದ ಅವರು ಕೆಟ್ಟವರಲ್ಲ. ಮಕ್ಕಳು ಬೀದಿಯಲ್ಲಿ ವಾಹನಗಳ ನಡುವೆ ಆಡುತ್ತಾರೆಂಬ ಚಿಂತೆ ಅವರದು.

"ಅಕ್ಕಾರ, ನಾವೇನ ಸುಳ್ಳ ಬರದೀವೇನ್ರಿ? ನಿಮ್ಮ ಅಕ್ಷರಾನ ಅದು."

"ಅಕ್ಷರ ನಂದ ಹೌದ್ರಿ. ಕಿವಿ ನನಗ ಸುಳ್ಳ ಹೇಳೇದ. ಪಟ್ಟಿ ವಾಪಸ ತಗೋರಿ."

"ಆರ ವರ್ಷ ಇಲ್ಲ ಅಂದ್ರಿ, ಈಗ ಅದಾವ ಅಂತೀರಿ. ಈ ಮಷೀನ ಮತ್ತ ಶಿಳ್ಳಿ ಹೊಡದಿರಬೇಕ ನೋಡ್ರಿ."

ಕೊಪ್ಪದ ಅವರು ನಕ್ಕರು. ಅಕ್ಕಾರು ನಗಲಿಲ್ಲ. "ಗೂಡು ತೋರಸ್ತೀನಿ. ಆವಾಗರೆ ನಂಬತೀರೇನು?" ಎಂದರು.

"ಗೂಡು ತೋರಸ್ರಿ, ನಾನ ಸಾಹೇಬರ ಮುಂದ ಹೇಳತೀನಿ," ಎಂದರು ಅವರು.

ಆ ಹಕ್ಕಿಯ ಗೂಡನ್ನು ಹುಡುಕುವುದು ಸುಲಭದ ಕೆಲಸವಲ್ಲ. ಒಣಗಿ ಮುದುಡಿದ ಎಲೆಯಂತೆ ತೂಗುವ ಪುಟ್ಟ ಚೀಲ ಅದು. ಅಕ್ಕಾರು ತಮ್ಮದೇ ದಾರಿ ಹಿಡಿದರು. ಕಿಟಕಿಯ ಸಜ್ಜೆಯಡಿ ಕಟ್ಟಿದ್ದ ಜೇಡರಬಲೆಯನ್ನು ಹಕ್ಕಿ ಕೊಕ್ಕಿನಲ್ಲಿ ಎಳೆದೊಯ್ಯುವುದನ್ನು ಕಂಡಿದ್ದರು. ಆ ಬಲೆಯನ್ನು ಗುಡಿಸದೆ ಬಿಟ್ಟರು. ಮೊದಲ ದಿನ ಬೆತ್ತದ ಕುರ್ಚಿ ಹಾಕಿಕೊಂಡು ಹಿತ್ತಲಲ್ಲೇ ಕುಳಿತರು. ಹಕ್ಕಿ ಬಲೆ ಕಚ್ಚಿಕೊಂಡು ಹಾರಿ, ಕಾಂಪೌಂಡ್ ಗೋಡೆ ದಾಟಿ ಕಣ್ಮರೆಯಾಯಿತು. ಎರಡನೆಯ ದಿನ ಕುರ್ಚಿ ಗೋಡೆಯ ಆಚೆ. ಮೂರನೆಯ ದಿನ ರಸ್ತೆಯ ಬದಿ. ಎಲ್ಲಿ ಹಕ್ಕಿ ಕಣ್ಣಿಗೆ ತಪ್ಪುವುದೋ ಮರುದಿನ ಅಲ್ಲಿ ಕುರ್ಚಿ. ನಾನು ದನಿ ಬಂದ ಕೂಡಲೇ ಹೇಳುವೆ, ಅವರು ಕಣ್ಣು ಹಾಯಿಸುವರು. ಒಂದು ದಿನ ಬೆಳಗಿನಿಂದ ಹತ್ತರವರೆಗೆ ಕುಳಿತರೂ ಹಕ್ಕಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಅದರ ಮರುದಿನವೂ ಕುರ್ಚಿ ಅದೇ ಜಾಗದಲ್ಲಿ.

"ಬಿಸಲಾಗೈತ್ರಿ ಅಕ್ಕಾರ, ಏಳ್ರಿ. ಬ್ಯಾನಿ ಬೀಳತೀರಿ," ಎಂದು ಕುರ್ಚಿ ಹೊರಲು ಬಂದ ಸುವರ್ಣಾ ಗದರಿದಳು.

"ಇಲ್ಲ ಅಂತ ಬರಿಯೂದಕ್ಕ ನನಗ ಒಂದ ನಿಮಿಷ ಸಾಕಾಗಿತ್ತವಾ. ಅದ ಅಂತ ಬರಿಯೂದಕ್ಕ ಇಷ್ಟರೆ ಕೂಡಬೇಕಲ್ಲ."

ಆ ದಿನ ಮಧ್ಯಾಹ್ನದೊಳಗೆ ಕುರ್ಚಿಯ ಪಕ್ಕದ ಗೇಟಿಗೆ ಯಾರೋ ಒಂದು ದೊಡ್ಡ ಕಪ್ಪು ಕೊಡೆ ತೂಗುಹಾಕಿ ಹೋಗಿದ್ದರು. ಹಿಡಿಕೆಯ ಮೇಲೆ ವೀ. ಕೊಪ್ಪದ ಎಂದು ಕೆತ್ತಿತ್ತು. ವಾದದಲ್ಲಿ ಒಂದಿಷ್ಟೂ ಸಡಿಲಿಸದ ಮನುಷ್ಯ ಕೊಡೆ ಕಳಿಸಿದ್ದರು. ಅಕ್ಕಾರು ಅದನ್ನು ಬಿಚ್ಚಿ ಹಿಡಿದು ಮತ್ತೆ ಕುಳಿತರು. ಹನ್ನೆರಡನೆಯ ಬೆಳಿಗ್ಗೆ ಕುರ್ಚಿ ಮೂರನೆಯ ಮಾವಿನ ಮರದ ಬುಡ ಮುಟ್ಟಿತು.

ಹೇಳಿದ ದಿನಕ್ಕೆ ಅಧಿಕಾರಿ ಬಂದರು, ಸುಮಾರು ಮೂವತ್ತೈದರ ಹೆಣ್ಣುಮಗಳು, ಕೈಯಲ್ಲಿ ಕಡತ. ಕೊಪ್ಪದ ಅವರೂ ಸುವರ್ಣಾಳೂ ಇದ್ದರು. ಅಕ್ಕಾರು ಮೊದಲ ಮಾತಿನಲ್ಲೇ ತಮ್ಮ ತಪ್ಪು ಒಪ್ಪಿಕೊಂಡರು: "ಆ ಪಟ್ಟಿ ತಪ್ಪ ಅದಾವ. ಬರದಾಕಿ ನಾನ. ಕೇಳಸ್ಲಾರದ್ದನ್ನ ಇಲ್ಲ ಅಂತ ಬರದೀನಿ."

ಅಧಿಕಾರಿ ಕೊಪ್ಪದ ಅವರ ಮುಖ ನೋಡಿದರು. ಕೊಪ್ಪದ ಅವರು ಕೆಮ್ಮಿ, "ಅಕ್ಕಾರು ಸುಳ್ಳ ಹೇಳಾವರಲ್ರಿ. ಆದ್ರ ಆ ಮಷೀನ..." ಎಂದರು.

ಅಕ್ಕಾರು ನನ್ನನ್ನು ಕಿವಿಯಿಂದ ಬಿಡಿಸಿ ಅವರ ಕೈಗಿಟ್ಟರು. "ಹಿಡೀರಿ. ಶಿಳ್ಳಿ ಹೊಡದ್ರ ಈಗ ನಿಮ್ಮ ಕೈಯಾಗ ಹೊಡೀತದ."

ಅವರು ಮುಷ್ಟಿ ಮುಚ್ಚಿದರು. ನಾನು ಸುಂಯ್ ಎಂದೆ. ಬೆಚ್ಚಿ ಮುಷ್ಟಿ ಬಿಚ್ಚಿದರು. ನಾನು ಸುಮ್ಮನಾದೆ. ಆ ನಿಶ್ಶಬ್ದದಲ್ಲಿ, ತಲೆಯ ಮೇಲಿಂದ, ಚಿಕ್ ಚಿಕ್ ಚಿಕ್.

ಮೂರು ಮುಖಗಳು ಒಟ್ಟಿಗೆ ಮೇಲೆದ್ದವು. ಅಲ್ಲಿದ್ದವರಲ್ಲಿ ಆ ದನಿ ಕೇಳಿಸದವರು ಅಕ್ಕಾರೊಬ್ಬರೇ. ಕೊಪ್ಪದ ಅವರ ಅಂಗೈಯಿಂದ ನಾನು ಅಕ್ಕಾರ ಮುಖವನ್ನು ನೇರವಾಗಿ ಕಂಡೆ. ಅವರು ಮರವನ್ನು ನೋಡುತ್ತಿರಲಿಲ್ಲ. ಆ ಮೂವರ ಮುಖಗಳನ್ನು ನೋಡುತ್ತಿದ್ದರು. ಹಕ್ಕಿ ಕೂಗಿದ್ದು ಅವರಿಗೆ ಹಾಗೆ ತಿಳಿಯಿತು. ಆಮೇಲೆ ಬೆರಳೆತ್ತಿ, ಬದನಿಕೆಯ ಗೊಂಚಲಿನ ಕೆಳಗೆ ತೂಗುತ್ತಿದ್ದ ಒಣ ಎಲೆಯೊಂದನ್ನು ತೋರಿಸಿದರು. ಆ ಎಲೆಯ ಪಕ್ಕೆಯಲ್ಲಿದ್ದ ತೂತಿನಿಂದ ಪುಟ್ಟ ಕೊಕ್ಕೊಂದು ಹೊರಬಂತು.

"ಇಷ್ಟ ಸಣ್ಣ ದನಿ ಏನ್ರಿ ಇದರದ್ದು?" ಎಂದು ಕೊಪ್ಪದ ಅವರು ತಾವೂ ದನಿ ತಗ್ಗಿಸಿದರು. ಕೊಟ್ಟ ಮಾತಿನಂತೆ ಅಧಿಕಾರಿಗೂ ಹೇಳಿದರು: "ನಾವ ಕೊಟ್ಟ ಸಾಕ್ಷಿ ನಿಲ್ಲೂದಿಲ್ರಿ."

ಅಧಿಕಾರಿ ಹಳೆಯ ಪಟ್ಟಿಯನ್ನು ಕಡತದಿಂದ ತೆಗೆಸಿದರು. ಗೂಡಿರುವ ತನಕ ಯಾವ ಮರಕ್ಕೂ ಕೊಡಲಿ ಇಲ್ಲ, ಆಮೇಲೂ ಬದನಿಕೆ ವಿಪರೀತವಾದ ಕೊಂಬೆಗಳನ್ನಷ್ಟೇ ಸವರಿ ಎಂದು ಬರೆದರು. ಶಟಲ್ ಅಂಗಳಕ್ಕೆ ನೀರಿನ ಟ್ಯಾಂಕಿನ ಹಿಂದೆ ಜಾಗ ಸಿಕ್ಕಿತು. ಅದನ್ನು ಅಳೆಯುವಾಗ ಟೇಪಿನ ಒಂದು ತುದಿ ಹಿಡಿದವರು ಅಕ್ಕಾರೇ.

ಆ ಯುಗಾದಿಗೆ ಫಲಕದ ಮೇಲೆ ಎರಡು ಹಾಳೆಗಳಿದ್ದವು. ಒಂದು ಹೊಸ ಪಟ್ಟಿ. ಇನ್ನೊಂದರಲ್ಲಿ ಆರು ವರ್ಷಗಳ ತಪ್ಪು. ಅಕ್ಕಾರು ಅಲ್ಲಿದ್ದ ಪ್ರತಿಯೊಂದು "ಇಲ್ಲ"ದ ಮೇಲೂ ಗೆರೆ ಎಳೆದು, ಪಕ್ಕದಲ್ಲಿ ಬರೆದಿದ್ದರು: "ನನಗೆ ಕೇಳಿಸಲಿಲ್ಲ." ಜನ ಹೊಸ ಪಟ್ಟಿಗಿಂತ ಹೆಚ್ಚು ಹೊತ್ತು ಆ ಹಾಳೆಯ ಮುಂದೆ ನಿಂತಿದ್ದರಂತೆ.

ಇದೆಲ್ಲ ನಡೆದು ಐದು ವರ್ಷಗಳಾದವು. ಏಳರಲ್ಲಿ ಒಂದು ಮರ ಗಾಳಿಗೆ ಬಿತ್ತು, ಆರು ಇವೆ. ನನ್ನ ಸೆಲ್ಲಿನ ಬಾಗಿಲು ಮುರಿಯಿತು, ಒಳಗೆ ತುಕ್ಕು ಹಿಡಿಯಿತು. ಅಕ್ಕಾರ ಕಿವಿಯ ಹಿಂದೆ ಈಗ ಹೊಸ ಯಂತ್ರವಿದೆ. ನಾನು ಮತ್ತೆ ಅದೇ ಸ್ಟೀಲ್ ಡಬ್ಬಿಯಲ್ಲಿ, ಅಕ್ಕಿಯ ಮೇಲೆ, ಅಕ್ಕಾರ ಮನೆಯ ಹಿತ್ತಲ ಕಿಟಕಿಯ ಬಳಿ ಮಲಗಿದ್ದೇನೆ. ನನ್ನಿಂದ ಇನ್ನೇನೂ ಆಗದು. ಆದರೂ ಅಕ್ಕಿಯನ್ನು ಸುವರ್ಣಾ ವರ್ಷಕ್ಕೊಮ್ಮೆ ಬದಲಿಸುತ್ತಾಳೆ.

ಸಂಕ್ರಾಂತಿ ಕಳೆದಿರಬೇಕು. ಬೆತ್ತದ ಕುರ್ಚಿ ಎಳೆದಾಗ ನೆಲದ ನಡುಕ ಡಬ್ಬಿಗೆ ತಾಕುತ್ತದೆ. ಅಕ್ಕಾರು ಹಿತ್ತಲಿಗೆ ಹೋಗಿ ಕುಳಿತರೆಂದು ತಿಳಿಯುತ್ತದೆ. ನನಗೆ ಈಗ ಯಾವ ಹಕ್ಕಿಯ ದನಿಯೂ ಕೇಳಿಸುವುದಿಲ್ಲ. ಆದರೆ ಹೊರಗೆ ಹಕ್ಕಿ ಇಲ್ಲ ಎಂದು ನಾನು ಹೇಳಲಾರೆ.